ಸಾವಿರ ಮೈಲಿಯಾಚೆಯ ಸಾಕ್ಷಿ

1857ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಲಂಡನ್ ನಗರದ 'ಟೈಮ್ಸ್' ಪತ್ರಿಕೆಯಲ್ಲಿ ಒಂದು ಕಾಗದ ಅಚ್ಚಾಯಿತು. ದೆಹಲಿಯಲ್ಲಿಯೂ ಮೀರತ್ತಿನಲ್ಲಿಯೂ ದಂಗೆಯೆದ್ದ ಸಿಪಾಯಿಗಳು ಎಸಗಿದ ಘೋರಕೃತ್ಯಗಳನ್ನು, ಕಣ್ಣಾರೆ ಕಂಡವನಿಗೆ ಮಾತ್ರ ಸಾಧ್ಯವೆನ್ನಿಸುವಷ್ಟು ಸವಿಸ್ತಾರವಾಗಿ ಅದು ವರ್ಣಿಸುತ್ತಿತ್ತು. ಬೆಳಗಿನ ಚಹದ ಬಟ್ಟಲನ್ನು ಪಕ್ಕಕ್ಕಿಟ್ಟು ಅದನ್ನೋದಿದ ಗೃಹಸ್ಥನ ರಕ್ತ ಕುದಿಯದೆ ಇದ್ದಿರಲಾರದು. ಟೈಮ್ಸಿನಿಂದ ಅದು ಲಂಡನ್ನಿನ ಇತರ ಪತ್ರಿಕೆಗಳಿಗೆ ಹರಿಯಿತು. ಪತ್ರಿಕೆಗಳಿಂದ ಮನೆಮನೆಯ ಮಾತಾಯಿತು. ಆದರೆ ಆ ಕಾಗದವನ್ನು ಬರೆದವನು ದೆಹಲಿಯಲ್ಲಿರಲಿಲ್ಲ, ಮೀರತ್ತಿನಲ್ಲಿಯೂ ಇರಲಿಲ್ಲ. ಅವನಿದ್ದದ್ದು ನಮ್ಮ ಬೆಂಗಳೂರಿನಲ್ಲಿ.

ಈ ಸಂಗತಿಯನ್ನು ಎತ್ತಿ ತೋರಿಸಿದವನು ಲಂಡನ್ನಿನಲ್ಲಿ ದೇಶಭ್ರಷ್ಟನಾಗಿ, ಬಡತನದಲ್ಲಿ ದಿನ ನೂಕುತ್ತಿದ್ದ ಜರ್ಮನ್ ವಿದ್ವಾಂಸನೊಬ್ಬ. ಕಾರ್ಲ್ ಮಾರ್ಕ್ಸ್ ಎಂದು ಅವನ ಹೆಸರು. ಜೀವನೋಪಾಯಕ್ಕಾಗಿ ಅವನು ಅಮೆರಿಕೆಯ 'ನ್ಯೂಯಾರ್ಕ್ ಡೈಲಿ ಟ್ರಿಬ್ಯೂನ್' ಪತ್ರಿಕೆಗೆ ಲೇಖನಗಳನ್ನು ಬರೆಯುತ್ತಿದ್ದನು. ಆ ಪತ್ರಿಕೆಯ ಸೆಪ್ಟೆಂಬರ್ 16ರ ಸಂಚಿಕೆಯಲ್ಲಿ ಹಿಂದೂಸ್ಥಾನದ ದಂಗೆಯನ್ನು ಕುರಿತು ಬರೆಯುತ್ತ, ಆ ಭೀಕರ ವರ್ಣನೆಯ ಕರ್ತೃ ಮೈಸೂರು ಸೀಮೆಯ ಬೆಂಗಳೂರಿನಲ್ಲಿ ವಾಸವಾಗಿರುವ ಒಬ್ಬ ಹೇಡಿ ಪಾದ್ರಿಯೆಂದೂ, ನೇರಗೆರೆ ಎಳೆದು ಅಳೆದರೂ ಆ ಊರು ಘಟನಾಸ್ಥಳಕ್ಕೆ ಸಾವಿರ ಮೈಲಿಗೂ ಮಿಗಿಲಾದ ದೂರದಲ್ಲಿದೆಯೆಂದೂ ಅವನು ಬಯಲಿಗಿಟ್ಟನು. ಆ ವರ್ಷದ ಬೆಂಗಳೂರನ್ನು ನೆನೆದುಕೊಂಡರೆ ಈ ಮಾತಿನ ವ್ಯಂಗ್ಯ ಇನ್ನಷ್ಟು ತೀಕ್ಷ್ಣವಾಗುತ್ತದೆ. ಕಮಿಷನರ್ ಮಾರ್ಕ್ ಕಬ್ಬನ್ ಸಾಹೇಬನು ಎರಡು ದಶಕಗಳಿಗೂ ಮೀರಿ ರಾಜ್ಯಭಾರ ಮಾಡುತ್ತಿದ್ದ ಸೀಮೆಯದು. ಉತ್ತರದಲ್ಲಿ ನಗರಗಳು ಹೊತ್ತಿ ಉರಿಯುತ್ತಿದ್ದಾಗ ಇಲ್ಲಿಯ ದಂಡಿನಲ್ಲಿ ಕವಾಯಿತು ಎಂದಿನಂತೆ ನಡೆಯುತ್ತಿತ್ತು. ಪಾದ್ರಿಯನ್ನು ಸುಳ್ಳುಗಾರನೆಂದು ತಳ್ಳಿಹಾಕುವುದು ಸುಲಭ. ನನಗೆ ಹಾಗೆ ತೋರುವುದಿಲ್ಲ. ಸುತ್ತಲೂ ಪರಜನ, ಕೈಗೆಟುಕುವಷ್ಟರಲ್ಲಿ ಕರಿಯ ಸಿಪಾಯಿಗಳ ಪಾಳೆಯ, ಉತ್ತರದಿಂದ ದಿನಕ್ಕೊಂದು ಬಗೆಯಾಗಿ ಬರುವ ಗಾಳಿಮಾತು, ಇವುಗಳ ನಡುವೆ ರಾತ್ರಿ ನಿದ್ರೆಗೆಟ್ಟು ಕುಳಿತ ಮನುಷ್ಯನಿಗೆ ತಾನು ಹೆದರಿದ್ದೂ ತಾನು ಕಂಡದ್ದೂ ಒಂದೇ ಆಗಿ ತೋರುವುದು ಅಸಂಭವವಲ್ಲ. ತಪ್ಪು ಪಾದ್ರಿಯದೆಂಬುದಕ್ಕಿಂತ, ಕಾಗದದ ತಲೆಯ ಮೇಲೆ ಯಾವ ಊರಿನ ಹೆಸರಿದೆಯೆಂದು ನೋಡದೆ ಅದನ್ನು ಅಚ್ಚಿಗೆ ಕೊಟ್ಟವರದೆಂದರೆ ನ್ಯಾಯವಾದೀತು.

ಹೀಗೆ ನೋಡದೆ ಹೋದದ್ದಕ್ಕೆ ಕಾರಣ ತಿಳಿಯಬೇಕಾದರೆ ಆಗ ವಾರ್ತೆ ಸಾಗುತ್ತಿದ್ದ ಮಾರ್ಗವನ್ನು ಸ್ವಲ್ಪ ನೋಡಬೇಕು. ಮೇ 9ರಂದು ಮೀರತ್ತಿನಲ್ಲಿ, ತೋಟಾಗಳನ್ನು ಮುಟ್ಟಲೊಲ್ಲೆವೆಂದ 85 ಮಂದಿ ಸವಾರರಿಗೆ ಇಡೀ ದಂಡಿನೆದುರಿಗೆ ಕೋಳ ತೊಡಿಸಿ ಸೆರೆಮನೆಗೆ ಕಳುಹಿಸಿದರು. ಮರುದಿನ ಭಾನುವಾರದ ಸಂಜೆ ಅವರ ಸಂಗಡಿಗರು ಸೆರೆಮನೆಯನ್ನೊಡೆದರು. ಸೋಮವಾರ ಬೆಳಗಾಗುವಷ್ಟರಲ್ಲಿ ದಂಗೆ ದೆಹಲಿಯ ಬಾಗಿಲಲ್ಲಿತ್ತು. ಹಿಂದೂಸ್ಥಾನದೊಳಗೆ ತಂತಿಯ ವ್ಯವಸ್ಥೆ ಸಾರ್ವಜನಿಕರಿಗೆ ತೆರೆದು ಎರಡು ವರ್ಷಗಳಾಗಿದ್ದುದರಿಂದ ಅಂದೇ ದೆಹಲಿಯ ತಂತಿಮನೆಯಿಂದ ಅಂಬಾಲೆಗೆ ಸುದ್ದಿ ಹೋಯಿತು. ಆದರೆ ಇಂಗ್ಲೆಂಡಿಗೂ ನಮಗೂ ನಡುವೆ ತಂತಿಯಿರಲಿಲ್ಲ. ಟಪಾಲನ್ನು ಹೊತ್ತ ಹೊಗೆಹಡಗು ಮುಂಬಯಿಯಿಂದ ಹೊರಟು ಅರಬ್ಬೀ ಸಮುದ್ರವನ್ನೂ ಕೆಂಪು ಸಮುದ್ರವನ್ನೂ ಹಾದು ಸುಯೆಜನ್ನು ಸೇರಬೇಕು, ಕಾಲುವೆ ಆಗುವುದಕ್ಕೆ ಇನ್ನೂ ಹನ್ನೆರಡು ವರ್ಷಗಳಿದ್ದುದರಿಂದ ಅಲ್ಲಿ ಚೀಲಗಳನ್ನಿಳಿಸಿ, ಮರುಭೂಮಿಯನ್ನು ದಾಟಿಸಿ ಕೈರೋ ನಗರಕ್ಕೆ ಸಾಗಿಸಬೇಕು, ಅಲ್ಲಿಂದ ರೈಲಿನಲ್ಲಿ ಅಲೆಕ್ಸಾಂಡ್ರಿಯ, ಮತ್ತೆ ಹಡಗು, ಟ್ರೀಸ್ಟ್ ಮೊದಲಾದ ಯೂರೋಪಿನ ಬಂದರುಗಳಲ್ಲಿ ಕಟ್ಟಕಡೆಗೆ ತಂತಿ. ಮೀರತ್ತಿನ ಕಿಡಿ ಲಂಡನ್ನಿನ ಓದುಗನ ಕಣ್ಣಿಗೆ ಬಿದ್ದುದು ಜೂನ್ ತಿಂಗಳ ಕೊನೆಯಲ್ಲಿ, ಏಳು ವಾರಗಳ ಮೇಲೆ.

ಅದಾದರೂ ಹೇಗೆ? ಮೊದಲು ನಾಲ್ಕೇ ಸಾಲಿನ ತಂತಿ; ಕೆಲವು ದಿನಗಳ ತರುವಾಯ ಟಪಾಲಿನ ಚೀಲ. ಚೀಲದಲ್ಲಿರುತ್ತಿದ್ದುದು ಬಹುಮಟ್ಟಿಗೆ ಮನೆಗೆ ಬರೆದ ಕಾಗದಗಳು. ಅಧಿಕಾರಿಯೊಬ್ಬ ತನ್ನ ತಾಯಿಗೆ ಬರೆದದ್ದನ್ನು ತಾಯಿ ಪತ್ರಿಕೆಗೆ ಕೊಡುವಳು. ಪತ್ರಿಕೆ ಅದನ್ನು ಸಾಕ್ಷ್ಯವೆಂದು ಅಚ್ಚು ಹಾಕುವುದು. ಬರೆದವನು ಕಂಡದ್ದೆಷ್ಟು, ಭೋಜನಶಾಲೆಯಲ್ಲಿ ಕೇಳಿದ್ದೆಷ್ಟು, ಭಯದಿಂದ ಸೇರಿಸಿದ್ದೆಷ್ಟು ಎಂದು ಬೇರ್ಪಡಿಸಿ ನೋಡುವ ವ್ಯವಧಾನ ಅಲ್ಲಿ ಯಾರಿಗೂ ಇರಲಿಲ್ಲ. ತಂತಿಯ ನಾಲ್ಕು ಸಾಲಿಗೂ ಟಪಾಲಿನ ಚೀಲಕ್ಕೂ ನಡುವಣ ಬಿಡುವಿನಲ್ಲಿ ಓದುಗನ ಕಲ್ಪನೆ ಸುಮ್ಮನಿರುತ್ತಿರಲಿಲ್ಲ. ಚೀಲ ಬಂದಾಗ ಅವನು ಅದರಲ್ಲಿ ಹುಡುಕುತ್ತಿದ್ದುದು ತಾನು ಆಗಲೇ ಊಹಿಸಿದ್ದ ಸುದ್ದಿಯನ್ನು. ಆಗಸ್ಟ್ 22ರ 'ಪಂಚ್' ಪತ್ರಿಕೆಯಲ್ಲಿ ಜಾನ್ ಟೆನಿಯಲ್ ಬರೆದ ಚಿತ್ರವೊಂದು ಪ್ರಕಟವಾಯಿತು: ಬ್ರಿಟನ್ನಿನ ಸಿಂಹ ಬಂಗಾಳದ ಹುಲಿಯ ಮೇಲೆರಗುತ್ತಿದೆ, ಹುಲಿಯ ಕೆಳಗೆ ಒಬ್ಬ ಸ್ತ್ರೀ, ಒಂದು ಕೂಸು. ದೇಶವೊಂದರ ಕ್ಷೋಭೆಯನ್ನು ಅರ್ಥಮಾಡಿಕೊಳ್ಳಲು ಅಂದಿನ ಇಂಗ್ಲೆಂಡಿಗೆ ಆ ಒಂದು ಚಿತ್ರ ಸಾಕಾಗಿತ್ತು.

ಕ್ರೌರ್ಯ ನಡೆಯಲಿಲ್ಲವೆಂದು ಹೇಳುವುದು ಇಲ್ಲಿ ಅಭಿಪ್ರೇತವಲ್ಲ. ಕಾನ್ಪುರದ ಬೀಬೀಘರ್ ಎಂಬ ಮನೆಯಲ್ಲಿ ಜುಲೈ 15ರಂದು ಸೆರೆಯಲ್ಲಿದ್ದ ಸುಮಾರು ಇನ್ನೂರು ಮಂದಿ ಸ್ತ್ರೀಯರನ್ನೂ ಮಕ್ಕಳನ್ನೂ ಕೊಂದು ಬಾವಿಗೆ ತಳ್ಳಿದ್ದು ಯಾವ ಪಕ್ಷದ ಇತಿಹಾಸಕಾರನೂ ಅಲ್ಲಗಳೆಯದ ಸತ್ಯ. ಆಶ್ಚರ್ಯವೆಂದರೆ, ಆ ಸತ್ಯ ಪತ್ರಿಕೆಗಳಿಗೆ ಸಾಲದಾಯಿತು. ಮಾನಭಂಗದ ಕತೆಗಳು, ಅಂಗಚ್ಛೇದದ ಕತೆಗಳು ಒಂದರ ಮೇಲೊಂದು ಹೆಣೆದುಕೊಂಡು ಬಂದುವು. ಗವರ್ನರ್ ಜನರಲ್ ಕ್ಯಾನಿಂಗ್ ಪ್ರಭುವಿನ ಅಪೇಕ್ಷೆಯ ಮೇರೆಗೆ ಆಗ್ರಾದಲ್ಲಿ ಗುಪ್ತವಾರ್ತೆಯ ಇಲಾಖೆಯನ್ನು ನೋಡಿಕೊಳ್ಳುತ್ತಿದ್ದ ವಿಲಿಯಂ ಮ್ಯೂರ್ ಎಂಬ ಅಧಿಕಾರಿ ಈ ವಿಷಯದಲ್ಲಿ ವಿಚಾರಣೆ ನಡೆಸಿ, ಸ್ತ್ರೀಯರ ಮಾನಭಂಗದ ಕತೆಗಳಿಗೆ ಆಧಾರ ದೊರೆಯಲಿಲ್ಲವೆಂದು ವರದಿ ಮಾಡಿದನು. ಅಷ್ಟರಲ್ಲಿ ಕತೆಗಳು ತಮ್ಮ ಕೆಲಸವನ್ನು ಮುಗಿಸಿಬಿಟ್ಟಿದ್ದುವು. ತಪ್ಪಿತಸ್ಥರನ್ನೂ ನಿರಪರಾಧಿಗಳನ್ನೂ ಬೇರ್ಪಡಿಸದೆ ಶಿಕ್ಷಿಸಕೂಡದೆಂದು ಜುಲೈ 31ರಂದು ನಿರೂಪ ಹೊರಡಿಸಿದ ಅದೇ ಕ್ಯಾನಿಂಗನನ್ನು ಪತ್ರಿಕೆಗಳು 'ದಯಾಳು ಕ್ಯಾನಿಂಗ್' ಎಂದು ಹಂಗಿಸಿದುವು; ಹಂಗಿಸಿದವರಲ್ಲಿ ಟೈಮ್ಸ್ ಹಿಂದೆ ಬೀಳಲಿಲ್ಲ. ದಯೆಯೆಂಬುದು ಬೈಗುಳವಾದ ಕಾಲ ಅದು.

ಭಿನ್ನಸ್ವರ ಇಲ್ಲವೇ ಇಲ್ಲವೆಂದಲ್ಲ. ಜುಲೈ 27ರಂದು ಪಾರ್ಲಿಮೆಂಟಿನಲ್ಲಿ ಡಿಸ್ರೇಲಿಯು, ಇದು ಸೈನಿಕರ ದಂಗೆಯೋ ರಾಷ್ಟ್ರದ ಬಂಡಾಯವೋ ಎಂದು ನೇರವಾಗಿ ಪ್ರಶ್ನಿಸಿ, ಸಾಮ್ರಾಜ್ಯಗಳ ಏಳುಬೀಳುಗಳನ್ನು ಕೊಬ್ಬು ಸವರಿದ ತೋಟಾಗಳಿಂದ ವಿವರಿಸಲಾಗದೆಂದು ವಾದಿಸಿದನು. ಮಾರ್ಕ್ಸನಂತೂ ಬೆಂಗಳೂರಿನ ಕಾಗದದ ವಿಷಯ ಅಚ್ಚಾದ ಮರುದಿನವೇ ಇನ್ನೊಂದು ಲೇಖನದಲ್ಲಿ, ಕಂದಾಯ ವಸೂಲಿಗಾಗಿ ರೈತರನ್ನು ಹಿಂಸಿಸುತ್ತಿದ್ದ ರೀತಿಯನ್ನು ಮದರಾಸಿನ ಸರ್ಕಾರವೇ ನೇಮಿಸಿದ್ದ ಸಮಿತಿಯ 1855ರ ವರದಿಯಿಂದ ತೆಗೆದು ಅಮೆರಿಕೆಯ ಓದುಗರ ಮುಂದಿಟ್ಟನು. ಆದರೂ ಒಂದು ಮಾತನ್ನು ಹೇಳಬೇಕು. ಮಾರ್ಕ್ಸನು ಹಿಂದೂಸ್ಥಾನವನ್ನು ಎಂದೂ ಕಂಡವನಲ್ಲ. ಅವನ ಸಾಮಗ್ರಿಯೆಲ್ಲ ಸರ್ಕಾರದ ವರದಿಗಳು, ಪಾರ್ಲಿಮೆಂಟಿನ ಚರ್ಚೆಗಳು, ಅವನು ಹೀಯಾಳಿಸುತ್ತಿದ್ದ ಅದೇ ಟೈಮ್ಸ್ ಪತ್ರಿಕೆ. ಬೆಂಗಳೂರಿನ ಪಾದ್ರಿ ದೆಹಲಿಗೆ ಸಾವಿರ ಮೈಲಿ ದೂರವಿದ್ದರೆ ಮಾರ್ಕ್ಸನು ಅದಕ್ಕೆ ನಾಲ್ಕು ಪಾಲು ದೂರದಲ್ಲಿ ಕುಳಿತಿದ್ದನು. ಅಂತರವಿದ್ದುದು ಇಷ್ಟೆ: ಒಬ್ಬನು ದೂರವನ್ನು ಮರೆತು ಬರೆದನು, ಇನ್ನೊಬ್ಬನು ದೂರವನ್ನು ಲೆಕ್ಕಕ್ಕೆ ತೆಗೆದುಕೊಂಡು ಓದಿದನು.

ನಮ್ಮವರು ಏನು ಬರೆಯುತ್ತಿದ್ದರೆಂದು ಕೇಳಬಹುದು. ಬರೆಯುವುದಕ್ಕೆ ಅವಕಾಶವಿರಲಿಲ್ಲ. ಜೂನ್ 13ರಂದು ಕ್ಯಾನಿಂಗನ ಸರ್ಕಾರ ಶಾಸನವೊಂದನ್ನು ಮಾಡಿ, ಪರವಾನಗಿಯಿಲ್ಲದೆ ಯಾರೂ ಅಚ್ಚುಕೂಟ ನಡೆಸಕೂಡದೆಂದು ವಿಧಿಸಿತು. ಪ್ಲಾಸೀ ಕದನದ ಶತಮಾನೋತ್ಸವವನ್ನು ಕುರಿತು ಸೊಕ್ಕಿನ ಲೇಖನ ಬರೆದುದಕ್ಕಾಗಿ ಇಂಗ್ಲಿಷರದೇ ಆದ 'ಫ್ರೆಂಡ್ ಆಫ್ ಇಂಡಿಯಾ' ಪತ್ರಿಕೆಗೂ ಎಚ್ಚರಿಕೆ ಹೋಯಿತು. ಎಚ್ಚರಿಕೆಯಲ್ಲಿ ಮುಗಿಯದ ಪ್ರಕರಣವೂ ಒಂದುಂಟು. ದಂಗೆಯ ತಿಂಗಳುಗಳಲ್ಲಿ ದೆಹಲಿಯ ಒಳಗಿನಿಂದಲೇ ಸುದ್ದಿ ಪ್ರಕಟಿಸುತ್ತಿದ್ದ 'ದೆಹಲಿ ಉರ್ದು ಅಖ್ಬಾರ್' ಪತ್ರಿಕೆಯ ಮೌಲವಿ ಮುಹಮ್ಮದ್ ಬಾಕರನನ್ನು, ಸೆಪ್ಟೆಂಬರಿನಲ್ಲಿ ನಗರ ಕೈವಶವಾದೊಡನೆ ಇಂಗ್ಲಿಷರು ಕೊಂದರು. ಲಂಡನ್ನಿನಲ್ಲಿ ಕುಳಿತು ದೆಹಲಿಯ ವಿಷಯ ಬರೆದವರು ಅನೇಕರು. ದೆಹಲಿಯಲ್ಲಿ ಕುಳಿತು ಬರೆದವನಿಗೆ ಈ ಗತಿಯಾಯಿತು.

ಇಂಥ ಸಮಯದಲ್ಲಿ ಟೈಮ್ಸ್ ಪತ್ರಿಕೆಯ ಸಂಪಾದಕ ಡಿಲೇನನಿಗೆ ಒಂದು ಸುಬುದ್ಧಿ ಹುಟ್ಟಿತೆನ್ನಬೇಕು. ತನ್ನ ಬಾತ್ಮೀದಾರರಲ್ಲೆಲ್ಲ ಶ್ರೇಷ್ಠನಾದ ವಿಲಿಯಂ ಹೊವರ್ಡ್ ರಸೆಲ್ಲನನ್ನು ಅವನು ಹಿಂದೂಸ್ಥಾನಕ್ಕೆ ಕಳುಹಿಸಿದನು. ರಸೆಲ್ ಐರ್ಲೆಂಡಿನವನು, 1820ರಲ್ಲಿ ಡಬ್ಲಿನ್ ಪ್ರಾಂತದಲ್ಲಿ ಜನಿಸಿದವನು, ಮೂರು ವರ್ಷಗಳ ಹಿಂದೆ ಕ್ರಿಮಿಯಾ ಯುದ್ಧದಲ್ಲಿ ಇಂಗ್ಲಿಷ್ ಸೈನಿಕರು ಶತ್ರುವಿನ ಗುಂಡಿಗಿಂತ ತಮ್ಮ ಸರ್ಕಾರದ ಅವ್ಯವಸ್ಥೆಯಿಂದಲೇ ಹೆಚ್ಚಾಗಿ ಸಾಯುತ್ತಿದ್ದಾರೆಂದು ಬರೆದು, ಮಂತ್ರಿಮಂಡಲವೊಂದು ಉರುಳುವುದಕ್ಕೆ ನೆರವಾದವನು. 1858ರ ಜನವರಿ ಕೊನೆಯಲ್ಲಿ ಅವನು ಕಲ್ಕತ್ತೆಯಲ್ಲಿಳಿದನು. ಇಳಿದವನು ಮೊದಲು ಮಾಡಿದ ಕೆಲಸ, ಇಂಗ್ಲೆಂಡಿನಲ್ಲಿ ತಾನೋದಿದ ಘೋರಕತೆಗಳಿಗೆ ಸಾಕ್ಷಿ ಹುಡುಕಿದ್ದು. ಕಲ್ಕತ್ತೆಯಲ್ಲಿ ಎಲ್ಲರೂ ಕೇಳಿದವರೇ, ಕಂಡವರು ಸಿಗಲಿಲ್ಲ. ಕಾನ್ಪುರಕ್ಕೆ ಹೋದಾಗ ಬೀಬೀಘರಿನ ಗೋಡೆಗಳ ಮೇಲಣ ಬರೆಹಗಳ ವಿಷಯವನ್ನೂ ವಿಚಾರಿಸಿದನು. ಸೇಡು ತೀರಿಸಿಕೊಳ್ಳಿರೆಂದು ಸಾಯುವ ಸ್ತ್ರೀಯರು ಬರೆದಿಟ್ಟುಹೋದರೆಂದು ಪ್ರಸಿದ್ಧವಾಗಿದ್ದ ಆ ಬರೆಹಗಳು, ಇಂಗ್ಲಿಷ್ ಸೇನಾನಿ ಹ್ಯಾವೆಲಾಕನ ಸೈನ್ಯ ಮೊದಲು ಆ ಮನೆಯನ್ನು ಹೊಕ್ಕಾಗ ಗೋಡೆಯ ಮೇಲಿರಲಿಲ್ಲವೆಂದೂ, ಆಮೇಲೆ ಬಂದುಹೋದವರು ಗೀಚಿದವೆಂದೂ ತಿಳಿಯಿತು. ಅದನ್ನವನು ತನ್ನ ದಿನಚರಿಯಲ್ಲಿ ದಾಖಲೆ ಮಾಡಿದನು. ಸತ್ತವರ ಹೆಸರಿನಲ್ಲಿ ಬದುಕಿರುವವರು ಕಾಗದ ಬರೆಯುವ ಈ ಪದ್ಧತಿ ಆ ಗೋಡೆಯೊಂದಿಗೇ ಮುಗಿಯಲಿಲ್ಲವೆಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಲ್ಕತ್ತೆಯಿಂದ ರೈಲು ಹೋಗುತ್ತಿದ್ದುದು ರಾಣೀಗಂಜಿನವರೆಗೆ ಮಾತ್ರ. ಮುಂದೆ ಡಾಕ್ ಗಾಡಿಯ ಪ್ರಯಾಣ. ಆ ಪ್ರಯಾಣದಲ್ಲಿ ರಸೆಲ್ ಗಮನಿಸಿದ ಒಂದು ಸಂಗತಿ ಅವನ ಸೂಕ್ಷ್ಮತೆಗೆ ಸಾಕ್ಷಿ. ದಾರಿಯುದ್ದಕ್ಕೂ ಬಿಳಿಯನ ಗಾಡಿಯತ್ತ ಸ್ನೇಹದಿಂದ ನೋಡಿದ ಕಣ್ಣು ಒಂದೂ ಇರಲಿಲ್ಲವೆಂದು ಅವನು ಬರೆದುಕೊಂಡನು. ದೇಶದ ಭಾಷೆ ಅವನಿಗೆ ಬರದು. ಕಣ್ಣಿನ ಭಾಷೆ ಅರ್ಥವಾಯಿತು. ಮತ್ತೊಂದು ಕಡೆ, ಮುಂಚೂಣಿಯ ದಂಡಿನೊಂದಿಗೆ ಬಂದಿದ್ದ ಅಧಿಕಾರಿಯೊಬ್ಬನಿಂದ ಕೇಳಿದ ಲೆಕ್ಕ: ಎರಡು ದಿನಗಳಲ್ಲಿ ದಾರಿಯ ಮಗ್ಗುಲಲ್ಲಿ 42 ಮಂದಿಯನ್ನು ನೇಣುಹಾಕಿದರು, ಇನ್ನು 12 ಮಂದಿಯನ್ನು ಕೊಂದದ್ದಕ್ಕೆ ಕಾರಣ, ದಂಡು ಎದುರಾದಾಗ ಅವರ ಮುಖ ತಿರುಗಬಾರದ ಕಡೆಗೆ ತಿರುಗಿತ್ತೆಂಬುದು. ವಿಶೇಷಣಗಳಿಲ್ಲದೆ, ಉದ್ಗಾರವಿಲ್ಲದೆ, ಸಂಖ್ಯೆಗಳನ್ನು ಸುಮ್ಮನೆ ಇಟ್ಟುಬಿಡುವ ಈ ರೀತಿ ಬೆಂಗಳೂರಿನ ಕಾಗದದ ರೀತಿಗೆ ಎಷ್ಟು ದೂರ!

ಸೇನಾಧಿಪತಿ ಸರ್ ಕಾಲಿನ್ ಕ್ಯಾಂಬೆಲ್ ಅವನೊಂದಿಗೆ ಮಾಡಿಕೊಂಡ ಒಪ್ಪಂದ ಸ್ವಾರಸ್ಯವಾದದ್ದು. ತನ್ನ ವರದಿಗಳನ್ನೆಲ್ಲ ತೋರಿಸುವೆನೆಂದೂ, ತನಗೆ ತಿಳಿದುದನ್ನೆಲ್ಲ ತಿಳಿಸುವೆನೆಂದೂ ಕ್ಯಾಂಬೆಲ್ ಮಾತು ಕೊಟ್ಟನು. ಷರತ್ತು ಒಂದೇ, ಇಂಗ್ಲೆಂಡಿಗೆ ಬರೆಯುವ ಕಾಗದಗಳಲ್ಲಲ್ಲದೆ ಪಾಳೆಯದಲ್ಲಿ ಬಾಯಿ ಬಿಡಕೂಡದು. ಲಂಡನ್ನಿಗೆ ಸುದ್ದಿ ಮುಟ್ಟಿ ಮರಳುವಷ್ಟರಲ್ಲಿ ಕದನ ಮುಗಿದಿರುತ್ತದೆ. ಪಾಳೆಯದ ಮಾತು ಮಾತ್ರ ಅಂದೇ ಸಂಜೆ ಶತ್ರುವನ್ನು ಮುಟ್ಟುತ್ತದೆ. ದೂರವೆಂಬುದು ಸುಳ್ಳಿಗೆ ಆಶ್ರಯವಾದಂತೆ ಇಲ್ಲಿ ಸತ್ಯಕ್ಕೂ ಆಶ್ರಯವಾಯಿತು.

ಮಾರ್ಚ್ ತಿಂಗಳಲ್ಲಿ ಲಖ್ನೋ ಬಿದ್ದಿತು. ಅರಮನೆಗಳೂ ಗೋಪುರಗಳೂ ಉಪವನಗಳೂ ತುಂಬಿದ ಆ ನಗರವನ್ನು ದೂರದಿಂದ ನೋಡಿ ಮಾರುಹೋಗಿದ್ದ ರಸೆಲ್, 14ರಂದು ಕೈಸರ್‌ಬಾಗ್ ಅರಮನೆಯ ಅಂಗಳದಲ್ಲಿ ನಿಂತು ಕಂಡದ್ದು ಲೂಟಿ. ನಿಲುವುಗನ್ನಡಿಗಳು ಪುಡಿಯಾಗುತ್ತಿದ್ದುವು, ಜರಿಯ ವಸ್ತ್ರಗಳು ಉರಿಯುತ್ತಿದ್ದುವು, ಹೊಗೆ, ಬೆವರು, ಮದಿರೆಗಳಿಂದ ಗುರುತು ಸಿಗದಂತಾದ ಸೈನಿಕರು ಪೆಟ್ಟಿಗೆಗಳನ್ನು ಒಡೆಯುತ್ತಿದ್ದರು. ಒಬ್ಬ ಸೈನಿಕ ಪಚ್ಚೆ, ವಜ್ರ, ಮುತ್ತುಗಳ ಆಭರಣವನ್ನು ತಂದು, ನೂರು ರೂಪಾಯಿ ನಗದು ಕೊಟ್ಟರೆ ನಿನ್ನದೆಂದನು. ರಸೆಲ್ಲನ ಕಿಸೆಯಲ್ಲಿ ಕಾಸಿರಲಿಲ್ಲ. ಈ ಪ್ರಸಂಗವನ್ನು ಅವನೇ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ, ಮತ್ತು ಹೇಳುವಾಗ ಅವನ ದನಿಯಲ್ಲಿ ಖೇದದ ಜೊತೆಗೆ ಒಂದಿಷ್ಟು ಕೈತಪ್ಪಿದ ಭಾಗ್ಯದ ನಿಟ್ಟುಸಿರೂ ಇದೆಯೆಂದು ನನಗೆ ತೋರಿದೆ. ಅದಕ್ಕಾಗಿ ಅವನಲ್ಲಿ ನನ್ನ ವಿಶ್ವಾಸ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಅದೇ ನಗರದಲ್ಲಿ ಸೆರೆ ಸಿಕ್ಕ ಸಿಪಾಯಿಯೊಬ್ಬನನ್ನು ಜೀವಸಹಿತ ಸುಟ್ಟದ್ದನ್ನೂ, ಇಂಗ್ಲಿಷರು ನಿಂತು ನೋಡುತ್ತಿದ್ದುದನ್ನೂ ಅವನು ಬರೆಯದೆ ಬಿಡಲಿಲ್ಲ. ಆ ಕಾಗದಗಳು ಲಂಡನ್ ಸೇರಿದುವು. ಮ್ಯಾಂಚೆಸ್ಟರಿನಲ್ಲಿ ಅವುಗಳನ್ನೋದಿದ ಮಾರ್ಕ್ಸನ ಗೆಳೆಯ ಎಂಗೆಲ್ಸನು ಲಖ್ನೋ ಕದನದ ವಿಮರ್ಶೆಯನ್ನು ಬರೆದನು. ಅದು ಸಾಗರ ದಾಟಿ ಮೇ 25ರಂದು ನ್ಯೂಯಾರ್ಕಿನ ಟ್ರಿಬ್ಯೂನಿನಲ್ಲಿ ಅಚ್ಚಾಯಿತು. ಹೀಗೆ ಸೇನಾಧಿಪತಿಯ ಅತಿಥಿಯಾಗಿದ್ದವನ ಬರೆಹವೇ ಸಾಮ್ರಾಜ್ಯದ ವೈರಿಗಳ ಕೈಗೆ ಆಯುಧ ಒದಗಿಸಿತು.

ಟೈಮ್ಸ್ ಪತ್ರಿಕೆಯ ದನಿ ಕ್ರಮಕ್ರಮವಾಗಿ ಮೆತ್ತಗಾಯಿತು. ವಿವೇಚನೆಯಿಲ್ಲದ ಮರಣದಂಡನೆಗಳು ನಿಲ್ಲಬೇಕೆಂದು ರಸೆಲ್ ಬರೆದುದಕ್ಕೆ ಡಿಲೇನ್ ಬೆಂಬಲವಾಗಿ ನಿಂತನು. ಒಂದು ಪತ್ರಿಕೆ ತಾನು ಹೊತ್ತಿಸಿದ ಬೆಂಕಿಗೆ ತಾನೇ ನೀರು ಹೊತ್ತು ತಂದ ಈ ಉದಾಹರಣೆ ಪತ್ರಿಕೋದ್ಯಮದ ಇತಿಹಾಸದಲ್ಲಿ ವಿರಳವೇ ಸರಿ.

ಆದರೆ ಚಿತ್ರಗಳ ಮಾತು ಬೇರೆ. ಆ ವರ್ಷವೇ ಫೆಲಿಸ್ ಬಿಯಾಟೋ ಎಂಬ ಛಾಯಾಚಿತ್ರಗ್ರಾಹಕನು ಲಖ್ನೋ ನಗರಕ್ಕೆ ಬಂದನು. ಹಿಂದಿನ ನವೆಂಬರ್ 16ರಂದು ಸಿಕಂದರ್‌ಬಾಗಿನಲ್ಲಿ ಎರಡು ಸಾವಿರದಷ್ಟು ಸಿಪಾಯಿಗಳು ಹತರಾಗಿದ್ದರು. ಬಿಯಾಟೋ ತೆಗೆದ ಪ್ರಸಿದ್ಧ ಚಿತ್ರದಲ್ಲಿ ಪಾಳುಗೋಡೆಯ ಮುಂದೆ ಎಲುಬುಗಳು ಹರಡಿ ಬಿದ್ದಿವೆ. ತಿಂಗಳುಗಳ ಹಿಂದೆ ಮುಗಿದುಹೋದ ಹತ್ಯೆಯ ಎಲುಬುಗಳನ್ನು ಚಿತ್ರಕ್ಕಾಗಿಯೇ ಮಣ್ಣಿನಿಂದ ತೆಗೆಸಿ ಹರವಿಸಿದನೆಂಬ ಮಾತು ಅಂದಿನಿಂದಲೂ ಇದೆ. ಯಂತ್ರಕ್ಕೆ ಪಕ್ಷಪಾತವಿಲ್ಲವೆಂದು ನಂಬುವವರು ಆ ಚಿತ್ರವನ್ನು ಇನ್ನೊಮ್ಮೆ ನೋಡಬೇಕು.

ರಸೆಲ್ಲನ ದೃಷ್ಟಿಗೂ ಒಂದು ಮೇರೆಯಿತ್ತು. ಅವನು ಕಂಡದ್ದೆಲ್ಲ ಇಂಗ್ಲಿಷ್ ದಂಡಿನ ಕುದುರೆಯ ಮೇಲಿನಿಂದ. ಕುದುರೆ ಒದ್ದು ಕಾಲು ಊನವಾದ ಮೇಲೆ ಡೋಲಿಯೊಳಗಿನಿಂದ. ದೆಹಲಿಯಲ್ಲಿ ಸೆರೆಯಲ್ಲಿದ್ದ ಮುದುಕ ಬಾದಶಹನನ್ನು ನೋಡಿ ಅವನ ಮನಸ್ಸು ಮರುಗಿತು. ಅವಧದ ಬೇಗಂ ಹಜರತ್ ಮಹಲಳ ಛಲವನ್ನು ಕೇಳಿ ಅವನು ಮೆಚ್ಚಿದನು. ಆದರೆ ಬೇಗಂ ಏಕೆ ಯುದ್ಧ ಮಾಡುತ್ತಿದ್ದಾಳೆಂದು ಅವಳ ಬಾಯಿಂದ ಕೇಳುವ ಅವಕಾಶ ಅವನಿಗಿರಲಿಲ್ಲ. 1858ರ ನವೆಂಬರ್ 1ರ ಇಂಗ್ಲೆಂಡಿನ ರಾಣಿಯ ಘೋಷಣೆಗೆ ಅವಳು ಕಲಮು ಕಲಮಿಗೂ ಉತ್ತರ ಕೊಟ್ಟು ಪ್ರತಿಘೋಷಣೆ ಹೊರಡಿಸಿದಳು. ನಮಗೆ ಇಂದು ಅದು ಓದಲು ಸಿಕ್ಕುವುದು ಮುಖ್ಯವಾಗಿ ಅವಳ ಶತ್ರುಗಳು ಮಾಡಿಕೊಂಡ ಇಂಗ್ಲಿಷ್ ಅನುವಾದದಲ್ಲಿ.

ದಕ್ಷಿಣಕ್ಕೆ ಅವನು ಬರಲಿಲ್ಲ. ಬಂದಿದ್ದರೆ ಮಾಡುವ ಕೆಲಸವೇನೂ ಕಡಿಮೆಯಿರಲಿಲ್ಲ. ಅವನು ಉತ್ತರದಲ್ಲಿದ್ದಾಗಲೇ, 1858ರ ಮೇ ಕೊನೆಯಲ್ಲಿ, ನರಗುಂದದ ಬಾಬಾಸಾಹೇಬನ ಕಡೆಯವರು ಸುರೇಬಾನದಲ್ಲಿ ರಾಜಕೀಯ ಏಜೆಂಟ್ ಮ್ಯಾನ್ಸನ್ನನ ತಲೆ ತೆಗೆದರು. ಜೂನ್ 12ರಂದು ಬಾಬಾಸಾಹೇಬನಿಗೆ ಬೆಳಗಾವಿಯಲ್ಲಿ ಗಲ್ಲಾಯಿತು. ಅದಕ್ಕೂ ಆರು ತಿಂಗಳು ಮೊದಲು, 1857ರ ನವೆಂಬರಿನಲ್ಲಿ, ಮುಧೋಳ ಸಂಸ್ಥಾನದ ಹಲಗಲಿ ಎಂಬ ಸಣ್ಣ ಊರಿನ ಬೇಡರು ಆಯುಧಗಳನ್ನೊಪ್ಪಿಸಿರೆಂಬ ಕಂಪನಿಯ ಹುಕುಮನ್ನು ಧಿಕ್ಕರಿಸಿದರು. ಬೇಡನಿಗೆ ಆಯುಧವೆಂದರೆ ಅನ್ನ, ಆಯುಧವೆಂದರೆ ಮಾನ. ದಂಡು ರಾತ್ರಿಯಲ್ಲಿ ಬಂದು ಊರಿಗೆ ಮುತ್ತಿಗೆ ಹಾಕಿ ಬೆಂಕಿಯಿಟ್ಟಿತು; ಹನುಮ, ಬಾಲ, ಜಡಗ, ರಾಮ ಮೊದಲಾದವರು ಹೋರಾಡಿದರು; ಉಳಿದವರಲ್ಲಿ ಮುಖಂಡರನ್ನು ನೇಣಿಗೇರಿಸಿದರು.

ಹಲಗಲಿಯಲ್ಲಿ ಬಾತ್ಮೀದಾರರಿರಲಿಲ್ಲ. ಲಾವಣಿಕಾರನಿದ್ದನು. ಡಪ್ಪಿನ ಪೆಟ್ಟಿಗೆ ಹೊಂದಿಸಿ ಅವನು ಕಟ್ಟಿದ ಹಾಡಿನಲ್ಲಿ ವೀರರ ಹೆಸರುಗಳಿವೆ, ಕದನದ ವೇಗವಿದೆ, ಅತಿಶಯೋಕ್ತಿಯೂ ಇದೆ. ಆದರೆ ಊರು ಲೂಟಿಯಾದ ಭಾಗಕ್ಕೆ ಬಂದಾಗ ಅವನು ಲೆಕ್ಕ ಬರೆಯುವ ಶಾನುಭೋಗನಂತಾಗುತ್ತಾನೆ. ದನಕರು ಹೋದುವು, ಕೊಡಲಿ ಹೋಯಿತು, ನೇಗಿಲಿನ ಕುಡ ಹೋಯಿತು, ಹಾಲು ಮೊಸರು ಬೆಣ್ಣೆ ಹೋದುವು, ಉಪ್ಪು, ಎಣ್ಣೆ, ಅರಿಸಿನ, ಜೀರಿಗೆ, ಅಕ್ಕಿ, ಬೆಲ್ಲ, ಒಂದನ್ನೂ ಬಿಡದೆ ಹೇಳುತ್ತಾನೆ. ಕೈಸರ್‌ಬಾಗಿನ ಪಚ್ಚೆ ವಜ್ರಗಳ ಪಟ್ಟಿಯನ್ನೋದಿ ಬಂದ ಕಣ್ಣಿಗೆ ಈ ಜೀರಿಗೆ ಬೆಲ್ಲಗಳ ಪಟ್ಟಿ ಮೊದಲು ನಗೆ ತರಿಸುತ್ತದೆ. ಎರಡನೆಯ ಬಾರಿ ಓದಿದಾಗ ನಗೆ ಬರುವುದಿಲ್ಲ. ಲೂಟಿಯನ್ನು ನಿಂತು ನೋಡಿದವನು ರಸೆಲ್. ಜೀರಿಗೆ ಹೋದದ್ದು ಗೊತ್ತಾಗಬೇಕಾದರೆ ಅದು ತನ್ನ ಅಡಿಗೆಮನೆಯದಾಗಿರಬೇಕು.

ಈ ಲಾವಣಿ ಉಳಿದುಬಂದ ಬಗೆಯನ್ನೂ ಹೇಳಬೇಕು. ಮುಂಬಯಿ ಸರ್ಕಾರದ ಅಧಿಕಾರಿಯಾಗಿ, ಶಾಸನಗಳನ್ನರಸುತ್ತ ನಮ್ಮ ಉತ್ತರ ಜಿಲ್ಲೆಗಳ ಗುಡಿಗುಂಡಾರಗಳನ್ನೆಲ್ಲ ಸುತ್ತಿದ ಜಾನ್ ಫೇತ್‌ಫುಲ್ ಫ್ಲೀಟ್ ಎಂಬ ಇಂಗ್ಲಿಷನು ಅದನ್ನು ಸಂಗ್ರಹಿಸಿ, ಇಂಗ್ಲಿಷ್ ಅನುವಾದದೊಡನೆ 'ಇಂಡಿಯನ್ ಆಂಟಿಕ್ವೆರಿ' ಎಂಬ ವಿದ್ವತ್ಪತ್ರಿಕೆಯಲ್ಲಿ ಪ್ರಕಟಿಸಿದನು. ಅಷ್ಟು ಹೊತ್ತಿಗೆ 1880ರ ದಶಕ ನಡೆಯುತ್ತಿತ್ತು. ಸುಯೆಜ್ ಕಾಲುವೆಯಲ್ಲಿ ಹಡಗುಗಳು ಓಡಾಡುತ್ತಿದ್ದುವು. ಸಮುದ್ರದಡಿಯ ತಂತಿಯಲ್ಲಿ ಮುಂಬಯಿಯ ಸುದ್ದಿ ಅಂದಂದೇ ಲಂಡನ್ ಮುಟ್ಟುತ್ತಿತ್ತು. ಮೀರತ್ತಿನ ವಾರ್ತೆಗೆ ಏಳು ವಾರ ಹಿಡಿದಿತ್ತು. ಹಲಗಲಿಯ ವಾರ್ತೆ, ಹಲಗಲಿಯವರ ಮಾತಿನಲ್ಲಿ, ಅಚ್ಚಿನ ಮೊಳೆಗಳನ್ನು ಮುಟ್ಟುವುದಕ್ಕೆ ಹತ್ತಿರಹತ್ತಿರ ಮೂವತ್ತು ವರ್ಷ ಹಿಡಿಯಿತು.